ನಲವತ್ತು ದಾಟಿದ್ಮೇಲೆ, ಗಾಯ ಆದ್ಮೇಲೆ ಮತ್ತೆ ಐಸ್ ಹಾಕಿ ಆಟ: ಪದೇ ಪದೇ ಕೇಳೋ ಪ್ರಶ್ನೆಗಳು

ಮಂಡಿನೋ ಭುಜನೋ ಒಂದ್ಸಲ ಕೈಕೊಟ್ಟಿದೆ, ಆಟ ಬಿಟ್ಟು ವರ್ಷಗಳಾಗಿದೆ, ಈಗ ಮತ್ತೆ ರಿಂಕ್‌ಗೆ (ಐಸ್ ಹಾಕಿ ಆಡೋ ಮಂಜಿನ ಅಂಗಳ) ಇಳಿಬೇಕು ಅನ್ಸಿದೆ. ಅಂಥೋರು ಮಾತಿಗೆ ಸಿಕ್ಕಾಗ, ಮೆಸೇಜ್ ಮಾಡಿದಾಗ ಕೇಳೋ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ನಾನು ಡಾಕ್ಟರ್ ಅಲ್ಲ, ಆಡೋನು ಅಷ್ಟೇ, ಹಂಗಾಗಿ ನಿಮ್ಮ ಎಂಆರ್‌ಐ ರಿಪೋರ್ಟ್ ನಂಗೆ ಕಳಿಸ್ಬೇಡಿ (ಕಳ್ಸಿದಾರೆ).

## ಶುರು ಮಾಡೋ ಮುಂಚೆ

ನಂಗೆ 47. ಸ್ಕೇಟ್ ಕಟ್ಟಿ ಇಪ್ಪತ್ತು ವರ್ಷ ಆಗೋಯ್ತು. ಇನ್ನೂ ಆಗತ್ತಾ, ಇಲ್ಲಾ ಇದು ಬರೀ ಹುಚ್ಚಾ?

ಆಗತ್ತೆ. ಗಾರ್ಡಿ ಹೋವ್ 1979-80ರ ಸೀಸನ್‌ನಲ್ಲಿ ಎನ್‌ಎಚ್‌ಎಲ್‌ನ (ಉತ್ತರ ಅಮೆರಿಕದ ದೊಡ್ಡ ಪ್ರೊಫೆಷನಲ್ ಲೀಗ್) 80 ಮ್ಯಾಚೂ ಆಡಿದ್ರು, ಆ ಸೀಸನ್‌ನಲ್ಲೇ ಅವರಿಗೆ 52 ತುಂಬ್ತು. ಯಾರೊಮಿರ್ ಯಾಗರ್ ಐವತ್ತು ದಾಟಿದ್ಮೇಲೂ ಚೆಕ್ ಲೀಗ್‌ನಲ್ಲಿ ಆಡ್ತಿದ್ರು. ಆದ್ರೆ ಅವರನ್ನ ನೋಡಿ ನಾವು ಲೆಕ್ಕ ಹಾಕೋದು ಬೇಡ, ಅವರಿಗೆ ಆಟನೇ ಕೆಲಸ, ನಮಗೆ ಕೆಲಸ ಎಲ್ಲ ಮುಗಿದ್ಮೇಲೆ ಉಳಿದಿರೋ ಶಕ್ತೀಲಿ ಆಟ.

ಸ್ಕೇಟಿಂಗ್ ಮರೆತುಹೋಗಿರತ್ತೆ ಅಂತ ಎಲ್ರೂ ಹೆದರ್ತಾರೆ, ಅದು ಮರೆಯಲ್ಲ. ಮೊದ್ಲು ಸ್ವಲ್ಪ ಹೊತ್ತು ಕಾಲು ತಡವರಿಸತ್ತೆ, ಆಮೇಲೆ ಕ್ರಾಸ್‌ಓವರ್ (ಕಾಲ ಮೇಲೆ ಕಾಲು ದಾಟಿಸ್ತಾ ತಿರುಗೋದು) ತಾನಾಗೇ ಬರತ್ತೆ. ಅಪಾಯ ಇರೋದೂ ಅಲ್ಲೇನೇ. ತಲೆಗೆ 27ರ ವೇಗ ನೆನಪಿದೆ, ಮಂಡಿಗೆ 47. ಸ್ನಾಯುಗಳು ಕೆಲವು ವಾರದಲ್ಲಿ ಸುಧಾರಿಸ್ಕೊಳ್ತವೆ, ಆದ್ರೆ ಸ್ನಾಯುವನ್ನ ಮೂಳೆಗೆ ಕಟ್ಟೋ ಟೆಂಡನ್ ಗಟ್ಟಿ ಆಗೋಕೆ ತಿಂಗಳುಗಟ್ಲೆ ಬೇಕು. ಸುಮಾರು ಜನ ಮೊದಲನೇ ದಿನ ಗಾಯ ಮಾಡ್ಕೊಳ್ಳಲ್ಲ, "ಎಲ್ಲಾ ವಾಪಸ್ ಬಂತು" ಅನ್ನೋ ಖುಷೀಲಿರೋವಾಗ ಮಾಡ್ಕೊಳ್ತಾರೆ.

ದಿನಾ ವಾಕಿಂಗ್ ಮಾಡ್ತೀನಿ, ಶುಗರ್ ಬಿಪಿ ಎರಡೂ ಇಲ್ಲ. ಆದ್ರೂ ಡಾಕ್ಟರ್ ಹತ್ರ ಹೋಗ್ಲೇಬೇಕಾ?

ಹೋಗಿ. ಮಂಡಿಗೋಸ್ಕರ ಅಲ್ಲ, ಹಾರ್ಟ್‌ಗೋಸ್ಕರ. ಹಾಕಿ ಅಂದ್ರೆ ಓಡಿ ನಿಂತು ಓಡಿ ನಿಂತು ಮಾಡೋ ಆಟ, ಒಂದು ಶಿಫ್ಟ್‌ನಲ್ಲಿ (ಬೆಂಚಿಂದ ಇಳಿದು ಆಡಿ ವಾಪಸ್ ಬರೋ ಒಂದು ಸರದಿ) ಹಾರ್ಟ್ ರೇಟ್ ನಿಮ್ಮ ಗರಿಷ್ಠದ ಹತ್ರ ಹೋಗಿ ಬರತ್ತೆ, ಬೆಂಚ್‌ನಲ್ಲಿ ಕೂತಾಗ್ಲೂ ಪೂರ್ತಿ ಇಳಿಯಲ್ಲ, ಅಷ್ಟರಲ್ಲಿ ಮತ್ತೆ ನಿಮ್ಮ ಸರದಿ. ವಾಕಿಂಗ್‌ಗೂ ಇದಕ್ಕೂ ಸಂಬಂಧನೇ ಇಲ್ಲ. "ನಾನು ಜೋರಾಗಿ ಓಡಿ ನಿಲ್ಲೋ ಆಟ ಆಡಕ್ಕೆ ಹೋಗ್ತಿದೀನಿ, ಸ್ಟ್ರೆಸ್ ಟೆಸ್ಟ್ ಬೇಕಾ" ಅಂತ ನೇರವಾಗಿ ಕೇಳಿ, ಬರೀ "ಎಕ್ಸರ್‌ಸೈಸ್ ಮಾಡ್ಬೋದಾ" ಅಂದ್ರೆ ಅವರು ಹೂಂ ಅಂದುಬಿಡ್ತಾರೆ. ಮನೇಲಿ ಯಾರಿಗಾದ್ರೂ ಸಣ್ಣ ವಯಸ್ಸಲ್ಲೇ ಹಾರ್ಟ್ ತೊಂದ್ರೆ ಆಗಿದ್ರೆ ಅದನ್ನೂ ಹೇಳಿ. ಆಡೋವಾಗ ಎದೆ ಬಿಗಿತ, ದವಡೆಗೋ ಎಡಗೈಗೋ ಹರಡೋ ನೋವು, ತಲೆಸುತ್ತು ಬಂದ್ರೆ ಶಿಫ್ಟ್ ಮುಗಿಸಿ ನೋಡೋಣ ಅನ್ಬೇಡಿ, ಪಕ್ಕದಲ್ಲಿರೋರಿಗೆ ಹೇಳಿ. ನಿಮ್ಮ ರಿಂಕ್‌ನಲ್ಲಿ ಎಇಡಿ (ಹಾರ್ಟ್ ನಿಂತಾಗ ಶಾಕ್ ಕೊಡೋ ಯಂತ್ರ) ಎಲ್ಲಿ ನೇತುಹಾಕಿದಾರೆ ಅಂತ ಮೊದಲನೇ ದಿನಾನೇ ನೋಡಿಟ್ಕೊಳ್ಳಿ, ಅದು ನಿಮಗೇ ಬೇಕಾಗ್ಬೇಕು ಅಂತೇನಿಲ್ಲ.

ಇನ್ನೊಂದು: ರಕ್ತ ತೆಳು ಮಾಡೋ ಮಾತ್ರೆ ತಗೊಳ್ತಿದ್ರೆ ಅದನ್ನ ಬರೆದುಕೊಟ್ಟ ಡಾಕ್ಟರನ್ನ ಕೇಳ್ದೆ ಐಸ್ ಮೇಲೆ ಕಾಲಿಡ್ಬೇಡಿ. ತಲೆಗೆ ಬೀಳೋ ಸಣ್ಣ ಏಟೂ ಅಲ್ಲಿ ಸಣ್ಣದಾಗಿ ಉಳಿಯಲ್ಲ.

ಫ್ರೆಂಡ್ ಟೀಮಲ್ಲಿ ಒಬ್ರು ಕಮ್ಮಿ ಇದಾರಂತೆ, ಈ ವಾರಾನೇ ಬಾ ಅಂತಿದಾನೆ. ಹೋಗ್ಲಾ?

ಬೇಡ. ಮೊದ್ಲು ಪಬ್ಲಿಕ್ ಸ್ಕೇಟಿಂಗ್ ಟೈಮಲ್ಲಿ ಸ್ಟಿಕ್ ಇಲ್ದೆ ಹೋಗಿ, ಆಮೇಲೆ ಸ್ಟಿಕ್ ಅಂಡ್ ಪಕ್ ಸೆಷನ್ (ಪಕ್ ಅಂದ್ರೆ ಆಡೋ ರಬ್ಬರ್ ಬಿಲ್ಲೆ), ಆಮೇಲೆ ಸ್ಕೋರ್ ಯಾರೂ ಬರೆದಿಡದ ಪಿಕಪ್ ಆಟ, ಲೀಗ್ ಕೊನೇಗೆ. ಮ್ಯಾಚ್‌ನಲ್ಲಿ ಪಕ್ ನಿಮ್ಮ ಕಡೆ ಬಂದಾಗ ಕಾಲು ಯೋಚ್ನೆ ಮಾಡಲ್ಲ, ಹಾರಿಬಿಡತ್ತೆ. ಒಬ್ರೇ ಇರೋವಾಗ ಮೂರು ವಿಷಯ ನೋಡ್ಕೊಳ್ಳಿ: ಎರಡೂ ಕಡೆಗೆ ತಿರುಗಿ ನಿಲ್ಲೋಕೆ ಬರತ್ತಾ (ಒಂದು ಕಡೆ ಯಾವಾಗ್ಲೂ ವೀಕು, ಗಾಯ ಆಗಿರೋ ಕಾಲಿದ್ರೆ ಇನ್ನೂ ವೀಕು), ಹಿಂದಕ್ಕೆ ಹೋಗ್ತಾ ತಿರುಗೋಕೆ ಬರತ್ತಾ, ಬಿದ್ಮೇಲೆ ಕೈ ಊರದೆ ಒಂದು ಮಂಡಿ ಮೇಲಿಂದ ಏಳೋಕೆ ಬರತ್ತಾ. ಮೂರನೇದನ್ನ ಯಾರೂ ಪ್ರಾಕ್ಟೀಸ್ ಮಾಡಲ್ಲ. ಬೇಕೂಂತ ಬಿದ್ದು ಏಳಿ, ನಗೋರು ನಗ್ಲಿ.

ಬಾಡಿ ಚೆಕ್ಕಿಂಗ್ ನೆನೆಸ್ಕೊಂಡ್ರೆ ಭಯ ಆಗತ್ತೆ

ದೊಡ್ಡೋರ ಮನರಂಜನೆ ಲೀಗ್‌ಗಳಲ್ಲಿ ಹೆಚ್ಚಿನ ಕಡೆ ಚೆಕ್ಕಿಂಗ್ (ಬೇಕೂಂತ ಮೈಯಿಂದ ಗುದ್ದಿ ಎದುರಾಳಿನ ತಡೆಯೋದು) ಇಲ್ವೇ ಇಲ್ಲ, ಮಾಡಿದ್ರೆ ಪೆನಾಲ್ಟಿ. ಹಂಗಂತ ತಾಗೋದೇ ಇಲ್ಲ ಅಂತಲ್ಲ, ಇಬ್ರು ಒಂದೇ ಪಕ್ ನೋಡ್ಕೊಂಡು ಬಂದ್ರೆ ಡಿಕ್ಕಿ ಆಗೇ ಆಗತ್ತೆ. ನಿಜ ಹೇಳ್ಬೇಕಂದ್ರೆ ನಮ್ ಲೆವೆಲ್‌ನಲ್ಲಿ ಹೆದರ್ಬೇಕಾಗಿರೋದು ಒರಟು ಆಟಗಾರನಿಗಲ್ಲ, ಜೋರಾಗಿ ಸ್ಕೇಟ್ ಮಾಡೋಕೆ ಬಂದು ನಿಲ್ಲೋಕೆ ಬರದೇ ಇರೋನಿಗೆ. ಎ, ಬಿ, ಸಿ, ಡಿ ಅಂತ ಲೆವೆಲ್ ಇರೋ ಕಡೆ ನೀವು ಮುಂಚೆ ಆಡ್ತಿದ್ದಕ್ಕಿಂತ ಒಂದು ಕೆಳಗೆ ಸೇರ್ಕೊಳ್ಳಿ. 35 ಮೇಲೆ, 50 ಮೇಲೆ ಅಂತ ಬೇರೆ ವಿಭಾಗ ಇದ್ರೆ ಇನ್ನೂ ಒಳ್ಳೇದು.

## ಸಾಮಾನು

ಅಟ್ಟದ ಮೇಲಿರೋ ಹಳೇ ಕಿಟ್ ಬ್ಯಾಗೇ ಸಾಕಾ, ಎಲ್ಲಾ ಹೊಸದು ತಗೋಬೇಕಾ?

ಹೆಲ್ಮೆಟ್ ಹೊಸದು ತಗೊಳ್ಳಿ, ಇದ್ರಲ್ಲಿ ಚೌಕಾಸಿ ಬೇಡ. ಒಳಗಿನ ಫೋಮ್ ವರ್ಷ ಕಳೀತಾ ಗಟ್ಟಿಯಾಗತ್ತೆ, ಪ್ಲಾಸ್ಟಿಕ್ ಪೆಡಸಾಗತ್ತೆ. ಅಮೆರಿಕದ ಎಚ್‌ಇಸಿಸಿ (ಹಾಕಿ ಸಾಮಾನಿಗೆ ಸರ್ಟಿಫಿಕೇಟ್ ಕೊಡೋ ಸಂಸ್ಥೆ) ಸ್ಟಿಕರ್ ಇರೋ ಹೆಲ್ಮೆಟ್ ಆದ್ರೆ ಆ ಸರ್ಟಿಫಿಕೇಟ್ ತಯಾರಾದ ದಿನದಿಂದ ಆರೂವರೆ ವರ್ಷಕ್ಕೆ ಮುಗಿಯತ್ತೆ, ತಾರೀಖು ಸ್ಟಿಕರ್ ಮೇಲೇ ಇರತ್ತೆ. ಶಿನ್ ಪ್ಯಾಡ್, ಎಲ್ಬೋ ಪ್ಯಾಡ್ ಒಡೆದಿಲ್ಲ, ಪಟ್ಟಿ ಹಿಡಿಯತ್ತೆ ಅಂದ್ರೆ ನಡೆಯತ್ತೆ, ತೊಳೆದು ಬಿಸಿಲಿಗೆ ಹಾಕಿ.

ಸ್ಕೇಟ್ಸ್ ಕತೆ ಬೇರೆ. ಬೂಟಿನ ಹಿಮ್ಮಡಿ ಮೇಲ್ಭಾಗನ ಎರಡೂ ಕೈಯಲ್ಲಿ ಒತ್ತಿ ನೋಡಿ, ಮೆತ್ತಗೆ ಮಡಚ್ಕೊಂಡ್ರೆ ಅದು ನಿಮ್ಮ ಆಂಕಲ್‌ನ ಹಿಡಿಯಲ್ಲ. ಅಡಿಯಲ್ಲಿ ರಿವೆಟ್ ತುಕ್ಕು ಹಿಡಿದಿದ್ಯಾ, ಬ್ಲೇಡ್ ಹೋಲ್ಡರ್‌ನಲ್ಲಿ ಕೂದಲೆಳೆ ಬಿರುಕು ಇದ್ಯಾ ನೋಡಿ. ಹೊಸದು ತಗೊಳ್ಳೋದಾದ್ರೆ ಶೂ ಸೈಜ್‌ಗಿಂತ ಒಂದು ಒಂದೂವರೆ ಕಮ್ಮಿ ಬರತ್ತೆ, ಆನ್‌ಲೈನ್‌ನಲ್ಲಿ ಶೂ ಸೈಜೇ ಹಾಕಿ ಆರ್ಡರ್ ಮಾಡ್ಬೇಡಿ.

ಸ್ಟಿಕ್ ಬಗ್ಗೆ ಒಂದು ಮಾತು. ಮರದ ಸ್ಟಿಕ್ ಕಾಲದೋರಿಗೆ ಈಗಿನ ಕಾಂಪೊಸಿಟ್ ಹಗುರ ಅನ್ಸತ್ತೆ, ಆದ್ರೆ ಫ್ಲೆಕ್ಸ್ ನಂಬರ್ ನೋಡ್ದೆ ತಗೊಂಡ್ಬಿಡ್ತಾರೆ. ನಂಬರ್ ಜಾಸ್ತಿ ಆದಷ್ಟೂ ಬಿರುಸು. ನಿಮ್ಮ ತೂಕ ಪೌಂಡಲ್ಲಿ ಎಷ್ಟಿದ್ಯೋ ಅದರ ಅರ್ಧ ಅನ್ನೋದು ರೂಢಿಯ ಲೆಕ್ಕ, ಭುಜದ ಗಾಯ ಆಗಿದ್ರೆ ಇನ್ನೊಂಚೂರು ಕೆಳಗೇ ಹೋಗಿ. ಬಗ್ಗದ ಸ್ಟಿಕ್‌ನ ಬಗ್ಗಿಸೋ ಕೆಲಸ ಭುಜಕ್ಕೇ ಬೀಳೋದು.

ಬ್ಲೇಡ್ ಸಾಣೆ ಹಿಡಿಸೋವಾಗ ಏನ್ ಹೇಳ್ಬೇಕು? ಅಂಗಡಿಯೋನು "ಎಷ್ಟು ಹಾಲೋ" ಅಂದ, ನಾನು ಸುಮ್ನೆ ತಲೆ ಆಡಿಸ್ದೆ

ಬ್ಲೇಡ್ ಅಡಿ ಚಪ್ಪಟೆ ಅಲ್ಲ, ಮಧ್ಯೆ ಉದ್ದಕ್ಕೂ ಒಂದು ತಗ್ಗಿದೆ, ಅದರ ಎರಡೂ ಅಂಚೇ ಎಡ್ಜ್. ಆ ತಗ್ಗು ಯಾವ ವೃತ್ತದ ತುಂಡು, ಅದರ ತ್ರಿಜ್ಯ ಎಷ್ಟು ಅನ್ನೋದೇ ಹಾಲೋ. ಅರ್ಧ ಇಂಚು ಸಾಮಾನ್ಯ. 3/8 ಅಂದ್ರೆ ತಗ್ಗು ಆಳ, ಐಸ್‌ನ ಕಚ್ಚಿ ಹಿಡಿಯತ್ತೆ. 5/8, 3/4 ಅಂದ್ರೆ ತಗ್ಗು ಕಮ್ಮಿ, ಜಾರೋದು ಸುಲಭ.

ಇದನ್ನ ಯಾಕೆ ಇಷ್ಟು ಎಳೀತಿದೀನಿ ಅಂದ್ರೆ, ಮಂಡಿ ಅಥವಾ ತೊಡೆಸಂದು ಗಾಯ ಆಗಿರೋರಿಗೆ ಇದು ಆಟದ ಸುಖಕ್ಕಿಂತ ದೊಡ್ಡ ವಿಷಯ. ಆಳವಾದ ಹಾಲೋನಲ್ಲಿ ಗಕ್ಕನೆ ನಿಂತ್ರೆ ಬ್ಲೇಡ್ ಕಚ್ಕೊಂಡು ನಿಂತುಬಿಡತ್ತೆ, ಮೇಲಿನ ಮೈ ಇನ್ನೂ ಮುಂದಕ್ಕೆ ಹೋಗ್ತಿರತ್ತೆ, ಆ ತಿರುಚಾಟ ಎಲ್ಲ ಮಂಡಿಗೆ. ತೂಕ ಬೇರೆ ಮೊದಲಿಗಿಂತ ಜಾಸ್ತಿ ಆಗಿರತ್ತೆ, ತೂಕನೇ ಎಡ್ಜ್‌ನ ಐಸ್ ಒಳಗೆ ಒತ್ತತ್ತೆ, ಹಂಗಾಗಿ ಭಾರ ಇರೋರಿಗೆ ಆಳ ಬೇಕಾಗೇ ಇಲ್ಲ. 5/8ರಿಂದ ಶುರು ಮಾಡಿ ನೋಡಿ ಅಂತ ನನ್ನ ಸಲಹೆ.

ಸಾಣೆ ಆಗಿ ಬಂದ ಬ್ಲೇಡ್‌ನ ಒಂದ್ಸಲ ಪರೀಕ್ಷೆ ಮಾಡಿ. ಬೆರಳಿನ ಉಗುರನ್ನ ಅಂಚಿಗೆ ಅಡ್ಡ ಹಿಡಿದು ಮೆಲ್ಲಗೆ ಎಳೀರಿ, ತೆಳ್ಳಗೆ ಬಿಳಿ ಪುಡಿ ಬಂದ್ರೆ ಹರಿತ ಇದೆ. ಎರಡೂ ಅಂಚಲ್ಲಿ, ಮುಂದೆ ಹಿಂದೆ ಮಧ್ಯೆ ಎಲ್ಲಾ ಕಡೆ ನೋಡಿ, ಒಂದು ಅಂಚು ಬಂದು ಇನ್ನೊಂದು ಬರ್ಲಿಲ್ಲ ಅಂದ್ರೆ ವಾಪಸ್ ಕೊಡಿ. ಬೆರಳನ್ನ ಅಂಚಿನ ಉದ್ದಕ್ಕೆ ಎಳೀಬೇಡಿ, ಅದಕ್ಕೆ ಹೊಲಿಗೆ ಬೀಳತ್ತೆ.

ನೆಕ್ ಗಾರ್ಡ್ ಮಕ್ಕಳಿಗೆ ತಾನೆ? ನಾನ್ಯಾಕೆ ಹಾಕ್ಬೇಕು?

2023ರ ಅಕ್ಟೋಬರ್ 28ರಂದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಮ್ಯಾಚ್ ನಡೀತಿದ್ದಾಗ್ಲೇ ಆಡಂ ಜಾನ್ಸನ್ ಕುತ್ತಿಗೆಗೆ ಸ್ಕೇಟ್ ಬ್ಲೇಡ್ ತಗುಲಿ ತೀರ್ಕೊಂಡ್ರು. ಎನ್‌ಎಚ್‌ಎಲ್‌ನಲ್ಲೂ ಆಡಿದ್ದ ವೃತ್ತಿಪರ ಆಟಗಾರ. ಅದಾದ್ಮೇಲೆ ಅಂತರರಾಷ್ಟ್ರೀಯ ಫೆಡರೇಶನ್ ತನ್ನ ಟೂರ್ನಿಗಳಲ್ಲಿ ನೆಕ್ ಗಾರ್ಡ್ ಕಡ್ಡಾಯ ಮಾಡ್ತು. ನಿಮ್ಮ ಲೀಗ್ ಕಡ್ಡಾಯ ಮಾಡಿರ್ಲಿ ಬಿಡ್ಲಿ, ಹಾಕಿ. ನಮ್ ಆಟದಲ್ಲಿ ಬೀಳೋರು ಜಾಸ್ತಿ, ಬೀಳೋವಾಗ ಕಾಲು ಎಲ್ಲಿಗೆ ಹಾರತ್ತೆ ಅನ್ನೋದು ಅವರ ಕೈಲಿರಲ್ಲ. ಜೊತೆಗೆ ಬ್ಲೇಡ್ ತಗುಲಿದ್ರೂ ಬೇಗ ಹರಿಯದ ಬಟ್ಟೆಯ ಸಾಕ್ಸ್ ಕೂಡ ತಗೊಳ್ಳಿ, ಹಿಮ್ಮಡಿ ಮೇಲಿನ ಅಕಿಲಿಸ್ ಟೆಂಡನ್‌ಗೆ ಅಂತಲೇ. 2013ರಲ್ಲಿ ಎನ್‌ಎಚ್‌ಎಲ್ ಆಟಗಾರ ಎರಿಕ್ ಕಾರ್ಲ್‌ಸನ್‌ಗೆ ಅಲ್ಲೇ ಕುಯ್ದಿದ್ದು.

ಮುಖಕ್ಕೆ ಪೂರ್ತಿ ಕೇಜ್ ಹಾಕಿದ್ರೆ ಹೊಸಬ ಅನ್ಕೊಳ್ತಾರೇನೋ?

ಅನ್ಕೊಳ್ಲಿ. ನಾಳೆ ಬೆಳಿಗ್ಗೆ ನಿಮಗೆ ಆಫೀಸ್ ಇದೆ.

## ಹಳೇ ಗಾಯಗಳು

ತೊಡೆಸಂದು ಹಿಡ್ಕೊಳ್ಳೋದು ನಂಗೆ ಹಳೇ ಕಾಯಿಲೆ. ಸ್ಟ್ರೆಚ್ ಮಾಡ್ತಾನೇ ಇದೀನಿ, ಆದ್ರೂ ಮತ್ತೆ ಮತ್ತೆ ಆಗತ್ತೆ, ಯಾಕೆ?

ಯಾಕಂದ್ರೆ ಅದು ಬಿಗಿತದ ಸಮಸ್ಯೆಗಿಂತ ಜಾಸ್ತಿ ಬಲದ ಸಮಸ್ಯೆ. ಸ್ಕೇಟಿಂಗ್‌ನಲ್ಲಿ ಕಾಲನ್ನ ಹೊರಗಡೆ ತಳ್ತೀರಿ, ಅದು ಸೊಂಟದ ಹೊರಭಾಗದ ಸ್ನಾಯುಗಳ ಕೆಲಸ. ಹಂಗೆ ಹೋದ ಕಾಲಿಗೆ ಬ್ರೇಕ್ ಹಾಕಿ ಒಳಗೆ ಎಳ್ಕೊಳ್ಳೋದು ಒಳತೊಡೆಯ ಅಡಕ್ಟರ್ ಸ್ನಾಯುಗಳು. ಉದ್ದ ಆಗ್ತಿರೋವಾಗ್ಲೇ ಅವು ಬಿಗಿ ಹಿಡೀಬೇಕು, ಹರಿಯೋದು ಆ ಕ್ಷಣದಲ್ಲೇ. ಎನ್‌ಎಚ್‌ಎಲ್ ಆಟಗಾರರ ಮೇಲೆ ನಡೆಸಿ 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಳತೊಡೆಯ ಬಲ ಹೊರಭಾಗದ ಬಲದ 80%ಗಿಂತ ಕಮ್ಮಿ ಇದ್ದೋರಿಗೆ ಈ ಗಾಯ ಆಗೋ ಸಂಭವ 17 ಪಟ್ಟು ಇತ್ತು. ಪ್ರೊಫೆಷನಲ್‌ಗಳಿಗೇ ಹಂಗಾದ್ರೆ ದಿನವಿಡೀ ಕುರ್ಚೀಲಿ ಕೂರೋ ನಮ್ಮ ಪಾಡು ಯೋಚ್ನೆ ಮಾಡಿ.

ಮಾಡ್ಬೇಕಾಗಿರೋದು ಇಷ್ಟೇ. ಮೊದ್ಲು ಮಂಡಿಗಳ ಮಧ್ಯೆ ಬಾಲ್ ಇಟ್ಕೊಂಡು ಒತ್ತೋದು, ನೋವಿಲ್ದೆ ಅದು ಆದ್ಮೇಲೆ ಕೋಪನ್‌ಹೇಗನ್ ಎಕ್ಸರ್‌ಸೈಸ್: ಪಕ್ಕಕ್ಕೆ ತಿರುಗಿ ಮೊಣಕೈ ಊರಿ, ಮೇಲಿನ ಕಾಲನ್ನ ಬೆಂಚ್ ಮೇಲಿಟ್ಟು ಆ ಕಾಲಿನ ಬಲದಿಂದಲೇ ಸೊಂಟ ಎತ್ತೋದು. ಶುರೂಲಿ ಪಾದ ಅಲ್ಲ, ಮಂಡಿನ ಬೆಂಚ್ ಮೇಲಿಡಿ, ಇಲ್ಲಾಂದ್ರೆ ನಾಳೆ ನಡೆಯಕ್ಕೂ ಆಗಲ್ಲ. ಆಟಕ್ಕೆ ಮುಂಚೆ ಕೂತು ಎಳೆಯೋ ಸ್ಟ್ರೆಚ್ ಬಿಟ್ಟು ಕಾರಿಡಾರ್‌ನಲ್ಲಿ ಪಕ್ಕಕ್ಕೆ ಹೆಜ್ಜೆ ಹಾಕಿ ಕೂರೋದು, ಕಾಲು ಅಡ್ಡಡ್ಡ ಬೀಸೋದು ಮಾಡಿ, ಮೈ ಬೆಚ್ಚಗಾಗ್ಲಿ. ಐಸ್ ಮೇಲೆ ಕೊಡೋ ವಾರ್ಮ್‌ಅಪ್ ಟೈಮ್ ಯಾರಿಗೂ ಸಾಲಲ್ಲ.

ನೋವು ಸಂದಿನ ಒಳಗೆ ಆಳದಲ್ಲಿದೆ, ಕೂತು ಏಳೋವಾಗ ಚುಚ್ಚತ್ತೆ, ಮಂಡಿನ ಎದೆಗೆ ತಂದ್ರೆ ಸಿಕ್ಕಾಕೊಂಡಂಗಾಗತ್ತೆ ಅಂದ್ರೆ ಅದು ಸ್ನಾಯು ಅಲ್ದೇ ಸೊಂಟದ ಕೀಲೂ ಇರ್ಬೋದು, ಹಾಕಿ ಆಡಿದೋರಲ್ಲಿ ಇದು ಸಾಮಾನ್ಯ. ತೋರಿಸ್ಕೊಳ್ಳಿ.

ಎಸಿಎಲ್ (ಮಂಡಿಯೊಳಗಿನ ಲಿಗಮೆಂಟ್) ಆಪರೇಷನ್ ಆಗಿ ಆರು ತಿಂಗಳು. ನೋವೇ ಇಲ್ಲ. ಶುರು ಮಾಡ್ಲಾ?

ನೋವಿಲ್ಲ ಅನ್ನೋದು ಅಳತೆ ಅಲ್ಲ. ಹಾರಿ ತಿರುಗೋ ಆಟಗಳಿಗೆ ವಾಪಸ್ ಹೋದೋರ ಮೇಲೆ ನಡೆದ ಅಧ್ಯಯನದಲ್ಲಿ ಒಂಬತ್ತು ತಿಂಗಳ ತನಕ ಒಂದೊಂದು ತಿಂಗಳು ತಡ ಮಾಡಿದ್ದಕ್ಕೂ ಮಂಡಿಗೆ ಮತ್ತೆ ಗಾಯ ಆಗೋ ಪ್ರಮಾಣ ಸುಮಾರು ಅರ್ಧ ಅರ್ಧ ಇಳೀತು. ತಿಂಗಳು ಎಣಿಸಿದ್ರೆ ಮಾತ್ರ ಸಾಲಲ್ಲ, ಆಪರೇಷನ್ ಆದ ಕಾಲಿನ ತೊಡೆಬಲ ಇನ್ನೊಂದರ 90% ಆದ್ರೂ ಇರ್ಬೇಕು ಅಂತ ಫಿಸಿಯೋಗಳು ನೋಡ್ತಾರೆ, ಒಂಟಿಕಾಲಲ್ಲಿ ಕುಪ್ಪಳಿಸೋ ಟೆಸ್ಟೂ ಮಾಡಿಸ್ತಾರೆ. ನೇರ ಸ್ಕೇಟಿಂಗ್‌ಗೆ ಮುಂಚೆನೇ ಒಪ್ಪಿಗೆ ಸಿಗ್ಬೋದು, ಕೇಳಿ.

ಮಂಡಿಯ ಒಳಪಕ್ಕದ ಲಿಗಮೆಂಟ್ ಎಂಸಿಎಲ್ ಆದ್ರೆ ವಿಷಯ ಅಷ್ಟು ಭಯಂಕರ ಅಲ್ಲ. ಹಾಕೀಲಿ ಮಂಡಿ ಗಾಯ ಅಂದ್ರೆ ಹೆಚ್ಚಾಗಿ ಅದೇ, ಹೊರಗಡೆಯಿಂದ ಯಾರಾದ್ರೂ ಬಂದು ಬಿದ್ರೆ ಆಗೋದು, ಬಹಳಷ್ಟು ಆಪರೇಷನ್ ಇಲ್ದೆನೇ ವಾಸಿ ಆಗತ್ತೆ.

ಆಂಕಲ್ ಉಳುಕಿದ್ದು ಮೂರು ವಾರಕ್ಕೆ ಸರಿ ಹೋಗ್ಬೇಕಿತ್ತಲ್ಲ?

ಪಾದ ಒಳಗೆ ಮಡಚಿ ಉಳುಕೋದನ್ನ ಸ್ಕೇಟ್ ಬೂಟ್ ಸುಮಾರಾಗಿ ತಡೆಯತ್ತೆ. ಆದ್ರೆ ಪಾದ ಹೊರಕ್ಕೆ ತಿರುಚಿದಾಗ ಮಂಡಿ ಕೆಳಗಿನ ಕಾಲಿನ ಎರಡು ಮೂಳೆ ಸೇರಿಸೋ ಜಾಗಕ್ಕೆ, ಗಿಣ್ಣಿಗಿಂತ ಸ್ವಲ್ಪ ಮೇಲೆ ಪೆಟ್ಟಾಗತ್ತೆ, ಹೈ ಆಂಕಲ್ ಸ್ಪ್ರೇನ್ ಅಂತಾರೆ. ಅದು ಮಾಮೂಲಿ ಉಳುಕಿಗಿಂತ ತುಂಬಾ ನಿಧಾನ. ಊತ ಕಮ್ಮಿ ಇದ್ರೂ ಕಾಲೂರಕ್ಕಾಗ್ತಿಲ್ಲ ಅಂದ್ರೆ ಎಕ್ಸ್‌ರೇ ಮಾಡಿಸಿ.

ಮೂರು ಕನ್ಕಷನ್ (ತಲೆಗೆ ಏಟು ಬಿದ್ದು ಮೆದುಳಿಗೆ ಆಗೋ ಪೆಟ್ಟು) ಆಗಿದೆ. ಒಳ್ಳೇ ಹೆಲ್ಮೆಟ್ ತಗೊಂಡ್ರೆ ಸಾಕಲ್ವಾ?

ಸಾಕಾಗಲ್ಲ. ಹೆಲ್ಮೆಟ್ ತಲೆಬುರುಡೆ ಒಡೆಯೋದನ್ನ ತಡೆಯತ್ತೆ, ಒಳಗೆ ಮೆದುಳು ಅಲುಗಾಡೋದನ್ನಲ್ಲ. ಮೂರು ಆಗಿದೆ ಅಂದ್ರೆ ಈ ವಿಷಯ ಗೊತ್ತಿರೋ ಡಾಕ್ಟರ್ ಹತ್ರ ಕೂತು ಮಾತಾಡಿ: ಒಂದೊಂದ್ಸಲ ವಾಸಿ ಆಗೋಕೆ ಹೆಚ್ಚು ದಿನ ಹಿಡಿದಿತ್ತಾ, ಸಣ್ಣ ಏಟಿಗೇ ಆಗ್ತಿದ್ಯಾ ಅನ್ನೋದು ಸಂಖ್ಯೆಗಿಂತ ಮುಖ್ಯ. ಆಡೋದೇ ಬೇಡ ಅನ್ನೋದೂ ಒಂದು ಉತ್ತರ, ಅದನ್ನ ಕೇಳೋಕೆ ರೆಡಿ ಇದ್ಕೊಂಡೇ ಹೋಗಿ.

ಹೊಸದಾಗಿ ಆದ್ರೆ ಅವತ್ತಿನ ಆಟ ಅಲ್ಲಿಗೇ ಮುಗೀತು. ಕತ್ತಲೆ ಕೋಣೇಲಿ ವಾರಗಟ್ಲೆ ಮಲಗೋ ಪದ್ಧತಿ ಈಗಿಲ್ಲ, ಒಂದೆರಡು ದಿನ ಸುಧಾರಿಸ್ಕೊಂಡು ನಡೆಯೋದರಿಂದ ಶುರು. ಅಲ್ಲಿಂದ ಆರು ಮೆಟ್ಟಿಲು, ಒಂದೊಂದಕ್ಕೂ ಕನಿಷ್ಠ 24 ಗಂಟೆ, ತಲೆಗೆ ಏಟು ಬೀಳೋ ಸಾಧ್ಯತೆ ಇರೋ ಹಂತಕ್ಕೆ ಹೋಗೋ ಮುಂಚೆ ಡಾಕ್ಟರ್ ಒಪ್ಪಿಗೆ.

ಆಟಕ್ಕೆ ಮುಂಚೆ ಒಂದು ಪೇನ್‌ಕಿಲ್ಲರ್ ನುಂಗಿದ್ರೆ ಆರಾಮಾಗಿರತ್ತೆ, ತಪ್ಪಾ?

ಯಾವತ್ತೋ ಒಂದ್ಸಲ ಅಂದ್ರೆ ಬೇರೆ. ಪ್ರತೀ ಸಲ ಅಂದ್ರೆ ನೀವು ಇನ್ನೂ ಆಡೋ ಸ್ಥಿತೀಲಿಲ್ಲ. ಐಬುಪ್ರೊಫೆನ್ ಥರದ ಮಾತ್ರೆ, ಬೆವರಿ ನೀರು ಕಮ್ಮಿಯಾದ ಮೈ, ಇವೆರಡೂ ಸೇರಿದ್ರೆ ಕಿಡ್ನಿಗೂ ಒಳ್ಳೇದಲ್ಲ.

## ಆಟದೊಳಗೆ

ಎರಡನೇ ಪೀರಿಯಡ್‌ಗೇ ಕಾಲು ಕಲ್ಲಾಗತ್ತೆ. ಸ್ಟ್ಯಾಮಿನಾ ಹೆಂಗೆ ಬೆಳೆಸೋದು?

ಮೊದ್ಲು ಶಿಫ್ಟ್ ಕಮ್ಮಿ ಮಾಡಿ. ಪ್ರೊಫೆಷನಲ್‌ಗಳೇ 45 ಸೆಕೆಂಡಿಗೆ ವಾಪಸ್ ಬರ್ತಾರೆ, ನಮ್ಮೋರು ಎರಡು ನಿಮಿಷ ಸುತ್ತಾಡಿ ಕೊನೇ ಒಂದು ನಿಮಿಷ ಬರೀ ನಿಂತಿರ್ತಾರೆ. ಸುಸ್ತಾದಾಗ ಮಂಡಿ ಬಗ್ಗಲ್ಲ, ಸೊಂಟ ಬಗ್ಗತ್ತೆ, ಸ್ಟಿಕ್ ಮೇಲೆ ಭಾರ ಹಾಕ್ತೀರಿ, ತಲೆ ಕೆಳಗಾಗತ್ತೆ, ಗಾಯಕ್ಕೆ ಇದಕ್ಕಿಂತ ಒಳ್ಳೇ ಆಹ್ವಾನ ಇನ್ನೊಂದಿಲ್ಲ. ರಿಂಕ್ ಹೊರಗೆ ಸೈಕಲ್ ಮೇಲೆ ಅರ್ಧ ನಿಮಿಷ ಜೋರು, ಎರಡು ನಿಮಿಷ ನಿಧಾನ, ಹಿಂಗೆ ಕೆಲವು ಸುತ್ತು, ವಾರಕ್ಕೆ ಎರಡ್ಸಲ. ಇದು ಮಂಡಿಗೂ ಹಗುರ. ಮತ್ತೆ ಬೆಂಚಿಗೆ ಬರೋವಾಗ ಬೋರ್ಡ್ (ರಿಂಕ್ ಸುತ್ತ ಇರೋ ಗೋಡೆ) ಹಾರೋ ಶೋಕಿ ಬಿಡಿ, ಬಾಗಿಲಿರೋದು ಅದಕ್ಕೇ.

ಮೂಲೇಲಿ ಪಕ್ ತಗೊಳ್ಳೋಕೆ ಹೋದಾಗ ಭುಜ ಬೋರ್ಡ್‌ಗೆ ಹೊಡ್ದೇ ಹೊಡಿಯತ್ತೆ. ಹೆಂಗೆ ತಪ್ಪಿಸೋದು?

ಬೋರ್ಡ್‌ನಿಂದ ಮೂರ್ನಾಲ್ಕು ಅಡಿ ದೂರ ಅತ್ಯಂತ ಕೆಟ್ಟ ಜಾಗ. ಅಲ್ಲಿ ನಿಂತಿರೋವಾಗ ಹಿಂದಿಂದ ಯಾರಾದ್ರೂ ತಾಗಿದ್ರೆ ಹಾರಿ ಹೋಗಿ ಬೀಳೋಷ್ಟು ಜಾಗ ಇದೆ, ಸಾವರಿಸ್ಕೊಳ್ಳೋಷ್ಟಿಲ್ಲ. ಒಂದೋ ಪೂರ್ತಿ ಬೋರ್ಡ್‌ಗೆ ಅಂಟಿ, ಇಲ್ಲಾ ದೂರ ಇರಿ. ಹೋಗೋವಾಗ ನೇರ ಹೋಗ್ಬೇಡಿ, ಓರೆಯಾಗಿ ಹೋಗಿ, ಹೋಗೋ ದಾರೀಲೇ ಭುಜದ ಮೇಲಿಂದ ಒಂದ್ಸಲ ಹಿಂದೆ ನೋಡಿ ಯಾರು ಬರ್ತಿದಾರೆ ಅಂತ. ತಲುಪಿದ್ಮೇಲೆ ಮಂಡಿ ಬಗ್ಗಿಸಿ, ಮುಂಗೈ ಮತ್ತೆ ಹಿಂಭಾಗ ಬೋರ್ಡ್‌ಗೆ ತಾಗೋ ಹಂಗೆ ಪಕ್ಕಕ್ಕೆ ತಿರುಗಿ. ಕೈ ನೀಟಿ ಮೊಣಕೈ ಲಾಕ್ ಮಾಡ್ಬೇಡಿ, ಆ ಪೆಟ್ಟು ನೇರ ಭುಜಕ್ಕೆ ಹೋಗತ್ತೆ.

ಬಿದ್ದು ಜಾರ್ತಾ ಬೋರ್ಡ್ ಕಡೆ ಹೋಗ್ತಿದೀರಾ? ತಲೆ ಎತ್ತಿ. ಗದ್ದ ಎದೆಗೆ ಒತ್ತಿ ಮುದುಡ್ಕೊಳ್ಳೋಣ ಅನ್ಸತ್ತೆ, ಅದೇ ಅಪಾಯ, ತಲೆ ಬಗ್ಗಿದಾಗ ಕುತ್ತಿಗೆಯ ಸಹಜ ಬಾಗು ಹೋಗಿ ನೆಟ್ಟಗಾಗತ್ತೆ, ನೆತ್ತಿಗೆ ಬಿದ್ದ ಪೆಟ್ಟೆಲ್ಲ ಕುತ್ತಿಗೆ ಮೂಳೆಗೆ. ಕೈ, ಕಾಲು, ಬೆನ್ನು, ಏನಾದ್ರೂ ಮೊದ್ಲು ತಾಗ್ಲಿ, ನೆತ್ತಿ ಬೇಡ.

ರೂಲ್ಸ್ ಬದಲಾಗಿದ್ಯಂತೆ?

ತೊಂಬತ್ತರ ದಶಕದಲ್ಲಿ ನಿಲ್ಸಿದೋರಿಗೆ ಮುಖ್ಯವಾದ್ದು ಎರಡು ಗೆರೆ ದಾಟೋ ಪಾಸ್, ಅಂದ್ರೆ ತಮ್ಮ ಕಡೆಯ ನೀಲಿ ಗೆರೆ ಹಿಂದಿಂದ ಮಧ್ಯದ ಕೆಂಪು ಗೆರೆ ಆಚೆಗೆ ಒಂದೇ ಸಲ ಕೊಡೋ ಪಾಸ್. ಅದಕ್ಕಿದ್ದ ನಿಷೇಧನ ಅಂತರರಾಷ್ಟ್ರೀಯ ಆಟದಲ್ಲಿ 1998ರಲ್ಲಿ, ಎನ್‌ಎಚ್‌ಎಲ್‌ನಲ್ಲಿ 2005-06ರಿಂದ ತೆಗೆದುಹಾಕಿದ್ರು. ಅಂದ್ರೆ ನೀವು ಡಿಫೆನ್ಸ್‌ನಲ್ಲಿ ನಿಂತಿರೋವಾಗ ನಿಮ್ಮ ಬೆನ್ನ ಹಿಂದೆ ಒಬ್ಬ ಕಾಯ್ತಾ ನಿಂತಿರ್ಬೋದು, ಅವನಿಗೆ ಉದ್ದದ ಪಾಸ್ ಬರ್ಬೋದು. ಅವನನ್ನ ಓಡಿ ಹಿಡಿಯೋ ವಯಸ್ಸಲ್ಲ, ಮೊದಲೇ ಒಂದೆರಡು ಹೆಜ್ಜೆ ಹಿಂದೆ ಇರಿ. ಸ್ಲಾಪ್ ಶಾಟ್ (ಸ್ಟಿಕ್ ಹಿಂದಕ್ಕೆತ್ತಿ ಬೀಸಿ ಹೊಡೆಯೋದು) ನಿಷೇಧ ಇರೋ ಲೀಗ್‌ಗಳೂ ಇವೆ, ಕೇಳ್ಕೊಂಡು ಇಳೀರಿ.

ನಾನು ಗೋಲಿ (ಗೋಲ್‌ಕೀಪರ್). ಸೊಂಟದ ಕೀಲಿಗೆ ಆಪರೇಷನ್ ಆಗಿದೆ. ಬಟರ್‌ಫ್ಲೈ ಮಾಡ್ಬೋದಾ?

ಇದಕ್ಕೆ ಸರ್ಜನ್ ಬಿಟ್ರೆ ಬೇರೆ ಯಾರೂ ಉತ್ತರ ಕೊಡ್ಬಾರ್ದು, ಆದ್ರೆ ಅವರಿಗೆ ಬಟರ್‌ಫ್ಲೈ ಅಂದ್ರೆ ಏನು ಅಂತ ಗೊತ್ತಿರ್ಬೇಕಲ್ಲ, ಹಂಗಾಗಿ ವೀಡಿಯೋ ತೋರಿಸಿ. ಎರಡೂ ಮಂಡಿ ಐಸ್ ಮೇಲೆ, ಪಾದ ಹೊರಕ್ಕೆ, ತೊಡೆಮೂಳೆ ಕೀಲಿನೊಳಗೆ ಒಳಮುಖವಾಗಿ ತಿರುಗಿರತ್ತೆ, ಮೇಲಿಂದ ಧೊಪ್ಪಂತ ಬೀಳೋ ಭಾರ ಬೇರೆ. ಕೀಲು ಸವೆದಿರೋರಿಗೆ ಅದೇ ಕೋನ ನೋವು ಕೊಡೋದು. ನಂಗೆ ಗೊತ್ತಿರೋ ಹಿರೀ ಗೋಲಿಗಳು ಮಾಡೋದು ಏನಂದ್ರೆ, ನಿಂತೇ ಆಡ್ತಾರೆ, ಕ್ರೀಸ್‌ನಿಂದ (ಗೋಲ್ ಮುಂದೆ ಗೆರೆ ಹಾಕಿರೋ ಜಾಗ) ಮುಂದೆ ಬಂದು ಕೋನ ಮುಚ್ತಾರೆ, ಮಂಡಿ ಊರೋದನ್ನ ಹತ್ರದ ಶಾಟ್‌ಗೆ ಮಾತ್ರ ಇಟ್ಕೊಳ್ತಾರೆ, ಎದ್ದೇಳೋವಾಗ ಯಾವಾಗ್ಲೂ ಒಳ್ಳೇ ಕಾಲೇ ಮೊದ್ಲು. ಕೆಳಮೂಲೇಲಿ ಒಂದೆರಡು ಗೋಲ್ ಜಾಸ್ತಿ ಹೋಗತ್ತೆ, ಟೀಮ್‌ನೋರು ಗೊಣಗ್ತಾರೆ, ಗೋಲಿ ಸಿಗೋದೇ ಕಷ್ಟ ಆದ್ರಿಂದ ಜಾಸ್ತಿ ಗೊಣಗಲ್ಲ.